ಐದು ತಿಂಗಳ ಲ್ಯಾಬ್ ಮರಿ ಬಾಗಿಲ ಚೌಕಟ್ಟು, ಸೋಫಾ ಕಾಲು, ವೈರು ಎಲ್ಲ ಕಡಿಯುತ್ತಿದೆ. ಏನು ಮಾಡಬಹುದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಹೆಣ್ಣು ಲ್ಯಾಬ್ರಡಾರ್ ಮರಿ, ಐದು ತಿಂಗಳು, 15 ಕೆ.ಜಿ. ಲಸಿಕೆಗಳೆಲ್ಲ ಆಗಿವೆ. ಶಿವಮೊಗ್ಗದಲ್ಲಿ ಮನೆ, ಹಿಂದೆ ಸಣ್ಣ ಹಿತ್ತಲಿದೆ.

ಕಡಿಯುತ್ತಿರುವುದು: ಮುಂಬಾಗಿಲ ಚೌಕಟ್ಟಿನ ಕೆಳಗಿನ ಮೂಲೆ (ಸಾಗುವಾನಿ), ಸೋಫಾ ಕಾಲು, ಟಿವಿ ಹಿಂದಿನ ವೈರು, ಚಪ್ಪಲಿ, ಕಾಲೊರೆಸುವ ಮ್ಯಾಟು. ಬೆಳಗ್ಗೆ 9ರಿಂದ ಮಧ್ಯಾಹ್ನ 1.30ರವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಸಂಜೆ 6ರಿಂದ 8ರ ನಡುವೆ ನಾವೆಲ್ಲ ಇದ್ದಾಗಲೂ ಜೋರಾಗಿಯೇ ಕಡಿಯುತ್ತದೆ. ಊಟ ಬೆಳಗ್ಗೆ, ರಾತ್ರಿ ಡ್ರೈ ಫುಡ್, ಮಧ್ಯಾಹ್ನ ಮೊಸರನ್ನ. ವಾಕಿಂಗ್ ಬೆಳಗ್ಗೆ ಕಾಲು ಗಂಟೆ.

ಚೌಕಟ್ಟಿಗೆ ಖಾರದ ಪುಡಿ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಸೀನಿಕೊಂಡು ಪಕ್ಕದ ಕಾಲಿಗೆ ಹೋಗುತ್ತದೆ. ಮಟನ್ ಅಂಗಡಿಯವರು ನಲ್ಲಿ ಮೂಳೆ ಕೊಡಿ ಅನ್ನುತ್ತಾರೆ. ಕೊಡಬಹುದಾ? ಕಹಿ ಸ್ಪ್ರೇ ಕೆಲಸ ಮಾಡುತ್ತದಾ? ವಯಸ್ಸಾದಂತೆ ತಾನಾಗಿ ನಿಲ್ಲುತ್ತದಾ?

*

ನಾಲ್ಕುಕಾಲು:

ಮೇಡಂ, ಮೊದಲು ಖಾರದ ಪುಡಿ ನಿಲ್ಲಿಸಿ. ಅದು ಕಣ್ಣು, ಮೂಗಿನ ಒಳಪೊರೆ ಸುಡುತ್ತದೆ. ಮರಿ ಮುಂಗಾಲಿನಿಂದ ಮುಖ ಉಜ್ಜಿದರೆ ನೇರ ಕಣ್ಣಿಗೇ ಹೋಗುತ್ತದೆ. ಅದರಿಂದ ಮರಿ ಕಲಿಯುವುದೂ ಏನಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ.

ಐದು ತಿಂಗಳ ಮರಿ ಕಡಿಯುವುದನ್ನು ನಿಲ್ಲಿಸಲು ಆಗುವುದಿಲ್ಲ. ಏನು ಕಡಿಯಬೇಕು ಅನ್ನುವುದನ್ನು ಮಾತ್ರ ನಾವು ತೀರ್ಮಾನಿಸಬಹುದು. ಅದರಲ್ಲೂ ಲ್ಯಾಬ್ ಬಾಯಿಯಿಂದಲೇ ಲೋಕ ನೋಡುವ ತಳಿ. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜತೆ ನೀರಿಗಿಳಿದು ಕೆಲಸ ಮಾಡುತ್ತಿದ್ದ ನಾಯಿಗಳ ವಂಶ ಅದು. ಆಮೇಲೆ ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರುವುದಕ್ಕೆಂದೇ ಬೆಳೆಸಿದರು. ನಮ್ಮ ಮುಧೋಳ ನಾಯಿಗೆ ಓಟ ಬೇಕು, ಲ್ಯಾಬ್‌ಗೆ ಬಾಯಿಗೆ ಕೆಲಸ ಬೇಕು. ಆ ಕೆಲಸ ನೀವು ಕೊಡದಿದ್ದರೆ ಸೋಫಾ ಕಾಲು ಕೊಡುತ್ತದೆ.

ನೀವು ಬರೆದದ್ದರಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ ಅನ್ನಿಸುತ್ತದೆ. ಸಂಜೆ ನಿಮ್ಮೆದುರೇ ಕಡಿಯುವುದು ಹಲ್ಲಿನ ನವೆ, ಶಕ್ತಿ ಖರ್ಚಾಗದಿರುವುದು, ನಿದ್ದೆಗೆಟ್ಟು ರಚ್ಚೆ ಹಿಡಿಯುವುದು, ಈ ಮೂರರಿಂದ. ಬೆಳಗ್ಗೆ ಬಾಗಿಲ ಚೌಕಟ್ಟನ್ನೇ ಹುಡುಕಿ ಕಡಿಯುವುದು ಒಂಟಿತನದ ಭಯ ಇರಬಹುದು. ಅದರ ಮದ್ದು ಬೇರೆ. ಹಳೇ ಮೊಬೈಲನ್ನು ಬಾಗಿಲು ಕಾಣುವಂತೆ ಇಟ್ಟು, ನೀವು ಹೊರಟ ಮೇಲಿನ ಮೊದಲ ಅರ್ಧ ಗಂಟೆ ರೆಕಾರ್ಡ್ ಮಾಡಿ ನೋಡಿ. ಅಷ್ಟರಲ್ಲಿ ಗೊತ್ತಾಗುತ್ತದೆ.

ಸಂಜೆಯ ವಿಷಯಕ್ಕೆ ಬರುತ್ತೇನೆ.

ಮೊದಲು ಮನೆ. ನೆಲದಿಂದ ಮೂರು ಅಡಿ ಎತ್ತರದವರೆಗೆ ಬಾಯಿಗೆ ಸಿಗುವುದನ್ನೆಲ್ಲ ತೆಗೆಯಿರಿ. ಚಪ್ಪಲಿ ಬಾಗಿಲಿರುವ ರ್‍ಯಾಕಿಗೆ. ಚಪ್ಪಲಿ, ಸಾಕ್ಸಿಗೆ ಬೆವರಿನ ಉಪ್ಪು, ನಿಮ್ಮ ವಾಸನೆ ಹತ್ತಿರುತ್ತದೆ, ಮರಿಗೆ ಅದಕ್ಕಿಂತ ಇಷ್ಟದ್ದು ಬೇರೆ ಇಲ್ಲ. ಹರಿದ ಹಳೇ ಚಪ್ಪಲಿಯನ್ನು ಆಟಕ್ಕೆ ಕೊಡಬೇಡಿ, ಹಳೇದು ಯಾವುದು ಹೊಸದು ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಟಿವಿ ವೈರಿಗೆ ಪಿವಿಸಿ ಕೇಸಿಂಗ್ ಹೊಡೆಸಿ ಗೋಡೆಗೆ ಅಂಟಿಸಿ. ಬಿಡಿ ವೈರಿದ್ದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಫ್ಲೆಕ್ಸಿಬಲ್ ಪೈಪಿನೊಳಗೆ ತೂರಿಸಿ. ಅದನ್ನೂ ಹಲ್ಲು ಸೀಳಬಲ್ಲದು, ಹಾಗಾಗಿ ಅದು ಸಮಯ ಕೊಡುತ್ತದೆ ಅಷ್ಟೆ, ನೆಮ್ಮದಿ ಅಲ್ಲ. ಮನೆ ಬಿಡುವಾಗ ಪ್ಲಗ್ ಕೀಳಿ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇದೆಯಾ ನೋಡಿಸಿ, ಇಲ್ಲದಿದ್ದರೆ ಹಾಕಿಸಿ. ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್) ಇದೆ ಅಂತ ಸುಮ್ಮನಿರಬೇಡಿ, ಅದು ಶಾಕ್‌ನಿಂದ ಕಾಪಾಡುವುದಿಲ್ಲ.

ನೀವು ಮನೆಯಲ್ಲಿರುವಾಗ ಆರಡಿಯ ಹಗುರ ಲೀಶ್ ಕಟ್ಟಿ, ಇನ್ನೊಂದು ತುದಿ ನಿಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಕಣ್ತಪ್ಪಿಸಿ ಸೋಫಾ ಹಿಂದೆ ಹೋಗುವುದೇ ನಿಂತುಬಿಡುತ್ತದೆ. ಒಂಟಿಯಾಗಿ ಬಿಡುವಾಗ ಮಾತ್ರ ಲೀಶ್ ಬಿಚ್ಚಲೇಬೇಕು, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಕಡಿಯಬಾರದ್ದು ಬಾಯಲ್ಲಿದ್ದಾಗ ಅಟ್ಟಿಸಿಕೊಂಡು ಹೋಗಬೇಡಿ, ಬಾಯಿಗೆ ಬೆರಳು ಹಾಕಿ ಕೀಳಬೇಡಿ. ಅಟ್ಟಿದರೆ ಅದಕ್ಕೆ ಅದೇ ಆಟ. ಕಿತ್ತುಕೊಂಡರೆ ಮುಂದಿನ ಸಲ ನೀವು ಬರುವಷ್ಟರಲ್ಲಿ ನುಂಗಿಬಿಡುತ್ತದೆ, ಇಲ್ಲವೇ ಗುರ್ ಅನ್ನಲು ಕಲಿಯುತ್ತದೆ. ಬದಲಿಗೆ 'ಬಿಡು' ಕಲಿಸಿ. ಅದಕ್ಕೆ ಅಷ್ಟೇನೂ ಇಷ್ಟವಿಲ್ಲದ ಆಟಿಕೆಯೊಂದನ್ನು ಬಾಯಿಗೆ ಕೊಡಿ. ಕಡಲೆಕಾಳಿನಷ್ಟು ಬೇಯಿಸಿದ ಕೋಳಿ ಚೂರನ್ನು ಮೂಗಿನ ಹತ್ತಿರ ಹಿಡಿಯಿರಿ. ಬಾಯಿ ಬಿಟ್ಟ ಕ್ಷಣ 'ಬಿಡು' ಅನ್ನಿ, ಚೂರು ಕೊಡಿ, ಆಟಿಕೆಯನ್ನು ಅದಕ್ಕೇ ವಾಪಸ್ ಕೊಡಿ. ಈ ವಾಪಸ್ ಕೊಡುವುದನ್ನು ಎಲ್ಲರೂ ಮರೆಯುತ್ತಾರೆ, ಆದರೆ ಕೊಟ್ಟರೆ ಕಳೆದುಕೊಳ್ಳುವುದಿಲ್ಲ ಅಂತ ನಂಬಿಕೆ ಬರುವುದೇ ಅದರಿಂದ. ಒಂದು ಸಲಕ್ಕೆ ಐದಾರು ಬಾರಿ, ದಿನಕ್ಕೆ ಎರಡು ಮೂರು ಸಲ ಸಾಕು. ವಾರ ಕಳೆದ ಮೇಲೆ ಇಷ್ಟದ ಆಟಿಕೆ, ಕೊನೆಗೆ ಚಪ್ಪಲಿ. ಮಾತಿಗೆ ಮುಂಚೆ ಚೂರು ತೋರಿಸುವುದನ್ನು ಆಮೇಲೆ ನಿಧಾನಕ್ಕೆ ಬಿಡಿ. ಮೊದಲು ಮಾತು, ಆಮೇಲೆ ಬಹುಮಾನ.

ಬೈಯುವುದರ ಬಗ್ಗೆ ಒಂದು ಮಾತು. ಕಡಿದು ಹತ್ತು ನಿಮಿಷದ ಮೇಲೆ ಚೂರಾದ ಮ್ಯಾಟಿನ ಮುಂದೆ ನಿಲ್ಲಿಸಿ ಬೈದರೆ ಅದಕ್ಕೆ ಅರ್ಥವಾಗುವುದು ನಿಮ್ಮ ಸಿಟ್ಟು ಮಾತ್ರ. ಕಿವಿ ಹಿಂದಕ್ಕೆ ಹಾಕಿ ಕಣ್ಣು ತಪ್ಪಿಸುವುದನ್ನು ನಾವು ತಪ್ಪೊಪ್ಪಿಗೆ ಅಂದುಕೊಳ್ಳುತ್ತೇವೆ. ಅದು ಹೆದರಿಕೆ.

ವಾಕಿಂಗ್ ಕಾಲು ಗಂಟೆ ಸಾಲದು. ತಿಂಗಳ ವಯಸ್ಸಿಗೆ ಐದು ನಿಮಿಷದ ಲೆಕ್ಕ ಹಿಡಿದರೂ ಹೊತ್ತಿಗೆ 25 ನಿಮಿಷದಂತೆ ಎರಡು ಹೊತ್ತು ಬೇಕು. ಸಂಜೆಯದು 5.30ಕ್ಕೆ ಇರಲಿ, ಗಲಾಟೆಯ ಹೊತ್ತಿಗೆ ಮುಂಚೆ. ಎಳೆದುಕೊಂಡು ನಡೆಯಬೇಡಿ, ಮೂಸಲು ಬಿಡಿ. ಮೂಸುವುದರಿಂದ ಆಗುವ ದಣಿವು ಓಟದಿಂದ ಆಗುವುದಿಲ್ಲ. ಬೈಕಿನ ಪಕ್ಕ ಓಡಿಸುವುದು, ಮೆಟ್ಟಿಲು ಹತ್ತಿಳಿಸುವುದು ಈ ವಯಸ್ಸಿಗೆ ಬೇಡ, ಲ್ಯಾಬ್‌ಗೆ ಸೊಂಟದ ಕೀಲಿನ ತೊಂದರೆ ಬರುವ ಸಂಭವ ಮೊದಲೇ ಹೆಚ್ಚು. ಬಂದ ಮೇಲೆ ನೀರು ಕೊಟ್ಟು, ತುಸು ಹೊತ್ತು ಜಗಿಯಲು ಏನಾದರೂ ಕೊಟ್ಟು, ಕತ್ತಲೆಯ ಮೂಲೆಯಲ್ಲಿ ಮಲಗಿಸಿ. ಈ ವಯಸ್ಸಿನ ಮರಿಗೆ ದಿನಕ್ಕೆ 16ರಿಂದ 18 ಗಂಟೆ ನಿದ್ದೆ ಬೇಕು. ಮಕ್ಕಳು, ಟಿವಿ, ನೆಂಟರು ಅಂತ ಸಂಜೆ ನಿದ್ದೆ ತಪ್ಪಿದ ಮರಿಯೇ ಹೆಚ್ಚು ಕಡಿಯುವುದು.

ಜಗಿಯಲು: ಕಾಂಗ್ ತರಹದ ಟೊಳ್ಳು ರಬ್ಬರ್ ಆಟಿಕೆ ಎರಡು ತನ್ನಿ. ಒಂದು ಬಳಕೆಯಲ್ಲಿ, ಒಂದು ಫ್ರೀಜರಿನಲ್ಲಿ. ಅದರ ದಿನದ ಡ್ರೈ ಫುಡ್ಡಿನಲ್ಲೇ ಒಂದು ಹಿಡಿ ತೆಗೆದು 20 ನಿಮಿಷ ಬೆಚ್ಚಗಿನ ನೀರಲ್ಲಿ ನೆನೆಸಿ, ಎರಡು ಚಮಚ ಬೇಯಿಸಿದ ಸಿಹಿಗುಂಬಳ, ಒಂದು ಚಮಚ ಗಟ್ಟಿ ಮೊಸರು ಸೇರಿಸಿ ಕಿವುಚಿ ತುಂಬಿ. ಉಪ್ಪು, ಸಕ್ಕರೆ, ಒಗ್ಗರಣೆ ಬೇಡ. ನಾಲ್ಕೈದು ಗಂಟೆ ಫ್ರೀಜರಿನಲ್ಲಿಟ್ಟರೆ ನೆಕ್ಕಿ ಮುಗಿಸಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಮೊದಲ ಎರಡು ಮೂರು ಸಲ ಹೆಪ್ಪುಗಟ್ಟಿಸದೆ ಕೊಡಿ. ಸುಲಭವಾಗಿ ಸಿಕ್ಕರೆ ಆಸೆ ಹುಟ್ಟುತ್ತದೆ, ಮೊದಲೇ ಕಲ್ಲಾಗಿದ್ದರೆ ಬಿಟ್ಟು ಸೋಫಾಕ್ಕೆ ಹೋಗುತ್ತದೆ. ಪೀನಟ್ ಬಟರ್ ಹಾಕುವುದಾದರೆ ಡಬ್ಬಿಯ ಹಿಂದೆ ಓದಿ. ಕ್ಸೈಲಿಟಾಲ್ ಅಥವಾ ಸಿಹಿಕಾರಕ 967 ಅಂತ ಇದ್ದರೆ ನಾಯಿಗೆ ಅದು ವಿಷ.

ಇನ್ನೊಂದು ಖರ್ಚಿಲ್ಲದ್ದು. ಹಳೇ ಹತ್ತಿ ಟವೆಲನ್ನು ನೀರಲ್ಲಿ ಅದ್ದಿ, ಹಿಂಡಿ, ಹಗ್ಗದ ಹಾಗೆ ಹೊಸೆದು ಗಂಟು ಹಾಕಿ ಫ್ರೀಜ್ ಮಾಡಿ. ಒಸಡಿಗೆ ಹಾಯಾಗುತ್ತದೆ. ಕರಗಿದ ಕೂಡಲೇ ತೆಗೆದುಬಿಡಿ, ಇಲ್ಲದಿದ್ದರೆ ದಾರ ಎಳೆದು ನುಂಗುತ್ತದೆ.

ಕಹಿ ಸ್ಪ್ರೇ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಪಕ್ಕದಲ್ಲೇ ಕಡಿಯಬಹುದಾದದ್ದು ಇದ್ದರೆ ಮಾತ್ರ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವುದನ್ನೇ ತನ್ನಿ. ಮೊದಲು ಪಾಲಿಶ್ ಬಣ್ಣಗೆಡುತ್ತದಾ ಅಂತ ಕಾಣದ ಕಡೆ ಪರೀಕ್ಷಿಸಿ. ದಿನಕ್ಕೆ ಎರಡು ಸಲ, ಎರಡು ಮೂರು ವಾರ ಬಿಡದೆ ಹೊಡೆಯಬೇಕು. ನೆಲ ಒರೆಸಿದಾಗ ಹೋಗಿಬಿಡುತ್ತದೆ, ಮತ್ತೆ ಹೊಡೆಯಿರಿ. ಕೆಲವು ಲ್ಯಾಬ್‌ಗಳು ಕಹಿಯನ್ನೂ ಲೆಕ್ಕಿಸುವುದಿಲ್ಲ, ಹಾಗಾದರೆ ಬಾಟಲಿ ಬದಿಗಿಡಿ. ಫಿನಾಯಿಲ್, ಡೆಟಾಲ್, ನುಸಿಗುಳಿಗೆ ಇವನ್ನು ಯಾರಾದರೂ ಹೇಳಿದರೂ ಬಳಸಬೇಡಿ.

*

ಪಶುವೈದ್ಯ_ಮಲೆನಾಡು:

ಮೇಲಿನವರು ಹೇಳಿದ್ದು ಸರಿಯಾಗಿದೆ. ಹಲ್ಲು, ಮೂಳೆ, ನುಂಗುವುದರ ಬಗ್ಗೆ ಸೇರಿಸುತ್ತೇನೆ.

ಮರಿಗೆ 28 ಹಾಲುಹಲ್ಲು, ದೊಡ್ಡದಕ್ಕೆ 42. ಸುಮಾರು ಮೂರೂವರೆ, ನಾಲ್ಕು ತಿಂಗಳಿಗೆ ಮುಂದಿನ ಬಾಚಿಹಲ್ಲು ಬೀಳಲು ಶುರು. ಐದಾರು ತಿಂಗಳಿಗೆ ಕೋರೆಹಲ್ಲು, ಏಳರ ಹೊತ್ತಿಗೆ ಕೊನೆಯ ದವಡೆಹಲ್ಲು ಬಂದು ಮುಗಿಯುತ್ತದೆ. ನಿಮ್ಮ ಮರಿ ಈಗ ಅದರ ನಟ್ಟನಡುವೆ ಇದೆ. ಆಟಿಕೆಯ ಮೇಲೆ ರಕ್ತದ ಕಲೆ, ಅಕ್ಕಿಕಾಳಿನಂಥ ಹಲ್ಲು ನೆಲದಲ್ಲಿ ಸಿಗುವುದು ಸಹಜ. ವಾರಕ್ಕೊಮ್ಮೆ ತುಟಿ ಎತ್ತಿ ನೋಡಿ. ಹಳೇ ಕೋರೆಹಲ್ಲು ಬೀಳದೆ ಪಕ್ಕದಲ್ಲೇ ಹೊಸದು ಬಂದು ಎರಡೂ ಒಟ್ಟಿಗೆ ನಿಂತಿದ್ದರೆ ವೈದ್ಯರಿಗೆ ತೋರಿಸಿ, ಹಳೆಯದನ್ನು ತೆಗೆಸಬೇಕಾಗಬಹುದು. ಸಣ್ಣ ತಳಿಗಳಲ್ಲಿ ಇದು ಹೆಚ್ಚು, ಲ್ಯಾಬ್‌ನಲ್ಲಿ ಅಪರೂಪ.

ನೋವಿಗೆ ಅಂತ ಮನುಷ್ಯರ ಹಲ್ಲಿನ ಜೆಲ್, ಲವಂಗದ ಎಣ್ಣೆ, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಏನನ್ನೂ ಕೊಡಬೇಡಿ. ತಂಪು ಸಾಕು.

ವಯಸ್ಸಾದಂತೆ ನಿಲ್ಲುತ್ತದಾ ಅಂದಿರಿ. ಹಲ್ಲಿನ ನವೆ ಏಳು ತಿಂಗಳಿಗೆ ನಿಲ್ಲುತ್ತದೆ. ಆದರೆ ಎಂಟರಿಂದ ಹನ್ನೆರಡು ತಿಂಗಳ ನಡುವೆ ಹರೆಯದಲ್ಲಿ ಇನ್ನೊಂದು ಸುತ್ತು ಬರುತ್ತದೆ, ಆಗ ದವಡೆಯ ಬಲವೂ ಹೆಚ್ಚು. ಈಗ ಅಭ್ಯಾಸ ಮಾಡಿಸಿದ್ದು ಆಗ ಕೈಹಿಡಿಯುತ್ತದೆ.

ನಲ್ಲಿ ಮೂಳೆ ಬೇಡ. ಬೇಯಿಸಿದ ಯಾವ ಮೂಳೆಯೂ ಬೇಡ, ಸೀಳಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹಸಿ ನಲ್ಲಿ ಮೂಳೆ ಅಷ್ಟಾಗಿ ಸೀಳಾಗದಿದ್ದರೂ ಹಲ್ಲು ಮುರಿಯುವಷ್ಟು ಗಟ್ಟಿ. ಮೇಲ್ದವಡೆಯ ದೊಡ್ಡ ಹಲ್ಲು ಪದರವಾಗಿ ಸೀಳಿ ಕೀವಾಗುತ್ತದೆ, ಕಣ್ಣಿನ ಕೆಳಗೆ ಊತ ಬಂದಾಗಲೇ ಮನೆಯವರಿಗೆ ಗೊತ್ತಾಗುವುದು. ಉಂಗುರದಂತೆ ಕೊಯ್ದ ಮೂಳೆ ಕೆಳದವಡೆಗೆ ಸಿಕ್ಕಿಕೊಳ್ಳುವುದೂ ಉಂಟು. ಪರೀಕ್ಷೆ ಸುಲಭ. ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪವಾದರೂ ಗುರುತು ಬೀಳದ ವಸ್ತು ಮರಿಯ ಹಲ್ಲಿಗೆ ಬೇಡ. ಯಾಕ್ ಹಾಲಿನ ಗಟ್ಟಿ ಚೀಸ್ ಆದ ಛುರ್ಪಿ ಕಡ್ಡಿಯೂ ಈ ಪರೀಕ್ಷೆಯಲ್ಲಿ ಸೋಲುತ್ತದೆ, ಹಲ್ಲು ಪೂರ್ತಿ ಬರುವವರೆಗೆ ಕಾಯಿರಿ. ಬಿಳಿ ಚರ್ಮದ ಗಂಟುಮೂಳೆ, ಅದೇ ರಾಹೈಡ್, ಹೊಟ್ಟೆಯಲ್ಲಿ ಉಬ್ಬುತ್ತದೆ. ಲ್ಯಾಬ್ ಕೊನೆಯ ತುಂಡನ್ನು ಇಡಿಯಾಗಿ ನುಂಗುವ ನಾಯಿ, ಅದಕ್ಕೆ ಕೊಡಲೇಬೇಡಿ. ಟೆನಿಸ್ ಚೆಂಡಿನ ನಾರು ಹಲ್ಲು ಸವೆಸುತ್ತದೆ. ಆಟಿಕೆ ಯಾವುದಾದರೂ ಬಾಯಿಯ ಅಗಲಕ್ಕಿಂತ ದೊಡ್ಡದಿರಲಿ, ಚೂರು ಏಳಲು ಶುರುವಾದ ದಿನವೇ ಎಸೆಯಿರಿ.

ಮಧ್ಯಾಹ್ನದ ಮೊಸರನ್ನ ತಪ್ಪೇನಲ್ಲ. ಆದರೆ ಬೆಳೆಯುವ ಮರಿಯ ಮೂರು ಹೊತ್ತಿನಲ್ಲಿ ಒಂದು ಹೊತ್ತು ಬರೀ ಅನ್ನವಾದರೆ ಪ್ರೋಟೀನು ಕಡಿಮೆ ಬೀಳುತ್ತದೆ, ಹಸಿವೂ ಬೇಗ. ಅದೇ ಡ್ರೈ ಫುಡ್ಡನ್ನು ಮೂರು ಪಾಲು ಮಾಡಿ. ಮರದ ಜತೆ ಮಣ್ಣು, ಗೋಡೆಯ ಸುಣ್ಣ, ಕಲ್ಲು ತಿನ್ನುತ್ತಿದ್ದರೆ ಮಲ, ರಕ್ತ ಪರೀಕ್ಷೆ ಮಾಡಿಸಿ. ಜಂತು ಅಥವಾ ರಕ್ತಹೀನತೆ ಇರಬಹುದು. ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧ, ತೂಕ ನೋಡಿ.

ಏನಾದರೂ ಹರಿದಾಗ ಚೂರುಗಳನ್ನು ಜೋಡಿಸಿ ನೋಡಿ, ಎಷ್ಟು ಹೊಟ್ಟೆಗೆ ಹೋಗಿದೆ ಅಂತ ತಿಳಿಯುತ್ತದೆ. ನಮ್ಮಲ್ಲಿ ಕರುಳಿಗೆ ಅಡ್ಡ ಕೂರುವ ವಸ್ತುಗಳಲ್ಲಿ ಮಾವಿನ ಗೊರಟೆ, ಮೆಕ್ಕೆಜೋಳದ ದಿಂಡು, ಸಾಕ್ಸು ಮುಖ್ಯ. ಪದೇ ಪದೇ ವಾಂತಿ, ಊಟ ಬಿಡುವುದು, ಬೆನ್ನು ಬಾಗಿಸಿ ನಿಲ್ಲುವುದು, ಮಲ ನಿಲ್ಲುವುದು ಕಂಡರೆ ಅಂದೇ ಆಸ್ಪತ್ರೆಗೆ. ಎಕ್ಸ್‌ರೇಯಲ್ಲಿ ಬಟ್ಟೆ ಸರಿಯಾಗಿ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗಬಹುದು. ಬಾಯಿಂದಲೋ ಗುದದಿಂದಲೋ ದಾರ ಇಳಿಬಿದ್ದಿದ್ದರೆ ಎಳೆಯಬೇಡಿ, ಕರುಳನ್ನು ಒಳಗೆ ಕೊಯ್ಯುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ಉಪ್ಪೇ ವಿಷವಾಗುತ್ತದೆ. ರಿಮೋಟಿನ, ಗಡಿಯಾರದ ಬಟನ್ ಸೆಲ್ ನುಂಗಿದರೆ ಲಕ್ಷಣಕ್ಕೆ ಕಾಯದೆ ಹೊರಡಿ. ಹಿತ್ತಲಲ್ಲಿ ಕಣಗಿಲೆ, ಸೈಕಸ್‌ನಂಥ ವಿಷದ ಗಿಡ ಇದ್ದರೆ ಬೇಲಿ ಹಾಕಿ ಅಥವಾ ತೆಗೆಸಿ.

ವೈರು ಕಚ್ಚಿ ಶಾಕ್ ಹೊಡೆದಾಗ ಮೊದಲು ಮೇನ್ ಆಫ್ ಮಾಡಿ, ಆಮೇಲೆ ನಾಯಿ ಮುಟ್ಟಿ. ಎದ್ದು ಓಡಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರ ಶುರುವಾಗಬಹುದು.

*

ತುಂಗಾತೀರ:

ತುಂಬ ಧನ್ಯವಾದ ಸರ್, ಇಬ್ಬರಿಗೂ. ರೆಕಾರ್ಡ್ ಮಾಡಿ ನೋಡಿದೆವು. ಬಾಗಿಲು ಹಾಕಿದ ತಕ್ಷಣ ಕೂಗುತ್ತದೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತದೆ, ನೆಲದ ಮೇಲೆ ಜೊಲ್ಲು. ಹತ್ತು ನಿಮಿಷಕ್ಕೆ ಚೌಕಟ್ಟು ಕೆರೆದು ಕಡಿಯಲು ಶುರು. ತಿಂಡಿ ತುಂಬಿದ ಆಟಿಕೆ ಪಕ್ಕದಲ್ಲೇ ಇದ್ದರೂ ಮೂಸಿಯೂ ನೋಡಿಲ್ಲ, ನಾವು ಬಂದ ಮೇಲೆ ತಿಂದಿತು. ಪಂಜರ ತಂದು ಅದರಲ್ಲಿ ಹಾಕಿದರೆ ಸರಿಹೋಗುತ್ತದಾ?

*

ಬೀದಿಯಿಂದ_ಮನೆಗೆ:

ಪಂಜರ ಬೇಡವೇ ಬೇಡ. ನಾಯಿ ಸಾಕುವುದು ಕೂಡಿ ಹಾಕಲಿಕ್ಕಲ್ಲ. ಹಿತ್ತಲಲ್ಲಿ ಬಿಟ್ಟು ಹೋಗಿ, ಓಡಾಡಿಕೊಂಡಿರುತ್ತದೆ.

*

ನಾಲ್ಕುಕಾಲು:

ಹಿತ್ತಲಿಗೆ ಬಿಟ್ಟರೆ ಈ ಮರಿ ಅದೇ ಬಾಗಿಲನ್ನು ಹೊರಗಿನಿಂದ ಕಡಿಯುತ್ತದೆ, ಇಲ್ಲವೇ ಬೇಲಿ ಹಾರುತ್ತದೆ. ಅದಕ್ಕೆ ಬೇಕಿರುವುದು ಜಾಗ ಅಲ್ಲ, ಜತೆ. ಪಂಜರದ ವಿಷಯದಲ್ಲಿ ಈ ಮರಿಯ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಒಂಟಿತನದ ಭಯವಿರುವ ನಾಯಿಯನ್ನು ಮುಚ್ಚಿದ ಪಂಜರದಲ್ಲಿ ಬಿಟ್ಟು ಹೋದರೆ ಸರಳು ಕಚ್ಚಿ ಹಲ್ಲು, ಉಗುರು ಕಿತ್ತುಕೊಳ್ಳುತ್ತದೆ. ತಿಂಡಿ ಮುಟ್ಟದಿರುವುದು, ಜೊಲ್ಲು, ಹೊರಹೋಗುವ ದಾರಿಯಲ್ಲೇ ಕಡಿಯುವುದು, ಈ ಮೂರೂ ಸೇರಿದರೆ ಬೇಸರವಲ್ಲ, ಗಾಬರಿ.

ಬರೀ ಬೇಸರಕ್ಕೆ ಕಡಿಯುವ ಮರಿಗಾದರೆ ಆವರಣ ಒಳ್ಳೆಯದೇ. ಲ್ಯಾಬ್‌ಗೆ 42 ಇಂಚಿನ ಪಂಜರ, ಅಥವಾ ವೆಲ್ಡ್ ಮೆಶ್‌ನ ಮೂರಡಿ ಎತ್ತರದ ಆವರಣ, ಕಿಂಡಿ ಎರಡು ಇಂಚಿಗಿಂತ ದೊಡ್ಡದು ಬೇಡ. ಒಳಗೆ ಬಿಡುವಾಗ ಕೊರಳಪಟ್ಟಿ ಬಿಚ್ಚಬೇಕು, ಮೆಶ್‌ಗೆ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಮರಿಗೆ ಈಗ ಮಾಡಬೇಕಾದದ್ದು: ತರಬೇತಿ ಮುಗಿಯುವವರೆಗೆ ಒಂಟಿಯಾಗಿ ಬಿಡದಿರುವುದು. ಕಷ್ಟ ಅಂತ ಗೊತ್ತು. ಆದರೆ ದಿನಾ ನಾಲ್ಕೂವರೆ ಗಂಟೆ ಗಾಬರಿಯಲ್ಲಿ ಕಳೆದರೆ ಸಂಜೆ ಕಲಿಸಿದ್ದೆಲ್ಲ ಕೊಚ್ಚಿಹೋಗುತ್ತದೆ. ಪಕ್ಕದ ಮನೆಯ ಅಜ್ಜಿಯೋ, ಮನೆಗೆಲಸದವರೋ, ನೆಂಟರೋ, ಯಾರಾದರೂ ಒಬ್ಬರು ಕೂತಿದ್ದರೆ ಸಾಕು, ಆಡಿಸಬೇಕಾಗಿಲ್ಲ. ಇಬ್ಬರಲ್ಲಿ ಒಬ್ಬರು ತಡವಾಗಿ ಹೊರಟು ಒಂಟಿ ಹೊತ್ತು ಕಡಿಮೆ ಮಾಡಲಾಗುತ್ತದಾ ನೋಡಿ.

ಜತೆಗೆ ಅಭ್ಯಾಸ. ವಾಕಿಂಗ್ ಮುಗಿದು ಮರಿ ತಣ್ಣಗಿರುವಾಗ ಬೀಗದ ಕೈ ಎತ್ತಿಕೊಳ್ಳಿ, ಮತ್ತೆ ಇಟ್ಟು ಕುಳಿತುಕೊಳ್ಳಿ. ಬ್ಯಾಗು ಹೆಗಲಿಗೆ ಹಾಕಿ, ಇಳಿಸಿ. ಅದು ತಲೆ ಎತ್ತದಷ್ಟು ಸಾಮಾನ್ಯವಾಗಲಿ. ಆಮೇಲೆ ಬಾಗಿಲು ತೆರೆದು ಮುಚ್ಚಿ. ಆಮೇಲೆ ಹೊರಗೆ ಹೋಗಿ ಐದು ಸೆಕೆಂಡಿಗೆ ಒಳಬನ್ನಿ. ಹತ್ತು, ಮೂವತ್ತು, ಒಂದು ನಿಮಿಷ. ಪ್ರತಿ ಸಲವೂ ಹೆಚ್ಚಿಸಬೇಡಿ, ನಡುನಡುವೆ ಕಡಿಮೆಯದೂ ಇರಲಿ. ಗಾಬರಿ ಶುರುವಾಗುವ ಮುಂಚೆ ಬರುವುದೇ ಇದರ ಜೀವಾಳ. ಮೊಬೈಲಿನಲ್ಲಿ ನೋಡುತ್ತಿರಿ, ಎದ್ದು ಓಡಾಡಲು ಶುರುಮಾಡಿದರೆ ಹೊತ್ತು ಹೆಚ್ಚಾಯಿತು ಅಂತ ಅರ್ಥ, ಮುಂದಿನ ಸಲ ಅರ್ಧಕ್ಕೆ ಇಳಿಸಿ. ಮೊದಲ ಅರ್ಧ ಗಂಟೆ ದಾಟಿಸುವುದೇ ನಿಧಾನ, ಅಲ್ಲಿಂದ ಮುಂದೆ ಬೇಗ ಬೇಗ ಹೆಚ್ಚುತ್ತದೆ. ಹೋಗುವಾಗ ಮುದ್ದು, ಬಂದಾಗ ಸಂಭ್ರಮ ಎರಡೂ ಕಡಿಮೆ ಇರಲಿ.

*

ಪಶುವೈದ್ಯ_ಮಲೆನಾಡು:

ನಾಲ್ಕಾರು ವಾರ ಹೀಗೆ ಮಾಡಿಯೂ ಒಂದೆರಡು ನಿಮಿಷ ದಾಟದಿದ್ದರೆ ನಿಮ್ಮ ವೈದ್ಯರಿಗೆ ಆ ವಿಡಿಯೊ ತೋರಿಸಿ. ಗಾಬರಿ ಇಳಿಸುವ ಔಷಧಗಳಿವೆ, ತರಬೇತಿಯ ಜತೆ ಕೊಟ್ಟರೆ ಕಲಿಯುವುದು ಸುಲಭವಾಗುತ್ತದೆ. ಬರೀ ಮಂಪರು ಬರಿಸುವ ಮಾತ್ರೆ ಕೇಳಿ ತರಬೇಡಿ. ಮರಿ ಮಲಗಿದಂತೆ ಕಂಡರೂ ಒಳಗಿನ ಭಯ ಹಾಗೇ ಇರುತ್ತದೆ.

*

ಬಡಗಿಮನೆ:

ಚೌಕಟ್ಟಿನ ಬಗ್ಗೆ. ಈಗಲೇ ರಿಪೇರಿ ಮಾಡಿಸಬೇಡಿ, ಇನ್ನೂ ಏಳೆಂಟು ತಿಂಗಳು ಹೋಗಲಿ. ಅಲ್ಲಿಯವರೆಗೆ ಸೀಳು ಎದ್ದ ಕಡೆ 80 ನಂಬರ್ ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ಸಿಬಿರು ಬಾಯಿಗೆ ಚುಚ್ಚಬಾರದು. ಅದರ ಮೇಲೆ ಎಲ್ ಆಕಾರದ ಅಲ್ಯೂಮಿನಿಯಂ ಪಟ್ಟಿ, ಒಂದೂವರೆ ಇಂಚಿನದು, ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಕೂರಿಸಿ. ತುದಿಗಳನ್ನು ಅರದಿಂದ ಉಜ್ಜಿಸಿ, ತಲೆ ಒಳಗೆ ಕೂರುವ ಸಣ್ಣ ಸ್ಕ್ರೂ ಹಾಕಿಸಿ. ಅಂಟಿನಿಂದ ಅಂಟಿಸಿದರೆ ಹಲ್ಲಿಗೆ ಸಿಕ್ಕಿ ಎದ್ದುಬರುತ್ತದೆ. ಮರದ ಅಂಚು ಕೋನವಾಗಿದ್ದರೆ ಹಲ್ಲಿಗೆ ಹಿಡಿತ ಸಿಗುತ್ತದೆ, ಲೋಹದ ಮೇಲಾದರೆ ಹಲ್ಲು ಜಾರುತ್ತದೆ, ಆಸಕ್ತಿ ಹೋಗುತ್ತದೆ. ಆದರೆ ಮೇಲೆ ಹೇಳಿದ ಗಾಬರಿ ಇರುವಾಗ ಒಂಟಿಯಾಗಿ ಬಿಟ್ಟರೆ ಪಟ್ಟಿಯ ಪಕ್ಕದ ಬಾಗಿಲಿಗೆ ಹೋಗುತ್ತದೆ, ಅದು ಪಟ್ಟಿಯ ತಪ್ಪಲ್ಲ.

ಆಮೇಲೆ ತುಂಬಿಸುವಾಗ ಎಂ-ಸೀಲ್ ತರಹದ್ದಾಗಲಿ, ಮರದ ಪುಟ್ಟಿಯಾಗಲಿ, ಪೂರ್ತಿ ಗಟ್ಟಿಯಾಗುವವರೆಗೆ ಒಂದು ದಿನ ಮರಿ ಆ ಕಡೆ ಬರದಂತೆ ನೋಡಿಕೊಳ್ಳಿ. ಪಾಲಿಶ್ ಹೊಡೆದ ಮೇಲೆ ವಾಸನೆ ಹೋಗುವವರೆಗೂ ಅಷ್ಟೆ. ಹಳೇ ಮನೆಯಾಗಿ ಬಾಗಿಲಿಗೆ ಹಳೇ ಎನಾಮೆಲ್ ಪೇಂಟಿದ್ದರೆ ಅದರಲ್ಲಿ ಸೀಸ ಇರಬಹುದು. ಒಣದಾಗಿ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.